ಹಾಡಿದ್ದು ಯಂತ್ರ, ಹಾಡಿಸಿದ್ದು ಹಾಚಿ

ಪ್ರಶ್ನೆ: ಮಗಳು ಎರಡನೇ ಪಿಯುಸಿ. ಮೂರು ಹೊತ್ತೂ ಕಿವಿಯಲ್ಲಿ ಇಯರ್‌ಫೋನ್. ಕೇಳಿದರೆ ಜಪಾನಿನ ಹಾಡು ಅಂತಾಳೆ, ಅದನ್ನು ಹಾಡಿದ್ದು ಕಂಪ್ಯೂಟರ್ ಅಂತೆ! ನಾನು ಮದುವೆಗೆ ಮುಂಚೆ ಕರ್ನಾಟಕ ಸಂಗೀತ ಕಲಿತವಳು. ಕಂಠವೇ ಇಲ್ಲದ ಹಾಡು ಹಾಡಾಗುತ್ತದಾ? ಇದನ್ನೇ ಮಾಡಿ ಯಾರಾದರೂ ದೊಡ್ಡ ಸಂಗೀತಗಾರರಾದದ್ದುಂಟಾ?
– ಓದುಗರೊಬ್ಬರು, ಹಾಸನ

ಉತ್ತರ: ಉಂಟಮ್ಮಾ. ಒಬ್ಬರ ಕಥೆಯನ್ನು ಪೂರ್ತಿ ಹೇಳುತ್ತೇನೆ, ಕೇಳಿ.

ಅವರ ಹೆಸರು ಕೆನ್ಶಿ ಯೋನೆಜು. 1991ರಲ್ಲಿ ಶಿಕೊಕು ದ್ವೀಪದ ಟೊಕುಶಿಮಾದಲ್ಲಿ ಹುಟ್ಟಿದವರು. 2009ರಲ್ಲಿ, ಹದಿನೆಂಟರ ಆಸುಪಾಸಿನಲ್ಲಿ, ‘ಹಾಚಿ’ ಅಂತ ಹೆಸರಿಟ್ಟುಕೊಂಡು ನಿಕೊನಿಕೊ ಎಂಬ ಜಪಾನಿನ ವಿಡಿಯೊ ತಾಣಕ್ಕೆ ಹಾಡು ಹಾಕಲು ಶುರು ಮಾಡಿದರು. ಸಾಹಿತ್ಯ ಅವರದ್ದೇ, ರಾಗ ಅವರದ್ದೇ, ವಾದ್ಯಗಳನ್ನು ಕೂಡಿಸಿದ್ದೂ ಅವರೇ. 2010ರ ‘ಮಾತ್ರ್ಯೋಷ್ಕಾ’ ಹಾಡಿನ ವಿಡಿಯೊಕ್ಕೆ ಚಿತ್ರ ಬರೆದದ್ದೂ ಅವರೇ. ಹಾಡಿದ್ದು ಮಾತ್ರ ಹಾತ್ಸುನೆ ಮಿಕು ಮತ್ತು ಗುಮಿ. ಎರಡೂ ಸಾಫ್ಟ್‌ವೇರ್ ಧ್ವನಿಗಳು.

ಕಂಠವೇ ಇಲ್ಲ ಅಂದಿರಿ. ಇದೆ. ಮಿಕುವಿನ ದನಿ ಸಾಕಿ ಫುಜಿತಾ ಎಂಬ ಕಂಠದಾನ ಕಲಾವಿದೆಯದ್ದು. ಅವರನ್ನು ಸ್ಟುಡಿಯೊದಲ್ಲಿ ಕೂರಿಸಿ ಜಪಾನಿ ಭಾಷೆಯ ಸದ್ದುಗಳನ್ನು ತುಣುಕು ತುಣುಕಾಗಿ ಹೇಳಿಸಿಕೊಂಡರು. ಒಂದು ಸದ್ದು ಇನ್ನೊಂದಕ್ಕೆ ಹೇಗೆ ಜಾರುತ್ತದೆ ಅನ್ನುವುದನ್ನೂ ಹಿಡಿದಿಟ್ಟರು. ಆ ತುಣುಕುಗಳನ್ನು ಬೇಕಾದ ಶ್ರುತಿಗೆ ಏರಿಸಿ ಇಳಿಸಿ ಹೊಲಿಯುವ ಕೆಲಸ ಯಮಾಹಾ ಕಂಪನಿಯ ವೋಕಲಾಯ್ಡ್ ತಂತ್ರಾಂಶದ್ದು. ಸಪ್ಪೊರೊ ಊರಿನ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಎಂಬ ಕಂಪನಿ ಈ ದನಿಯನ್ನು 2007ರ ಆಗಸ್ಟ್ 31ರಂದು ಮಿಕು ಅಂತ ಮಾರುಕಟ್ಟೆಗೆ ತಂದಿತು.

ಇನ್ನು ಹಾಡಿಸುವ ಕೆಲಸ. ಪರದೆಯ ಎಡಕ್ಕೆ ಕೀಬೋರ್ಡಿನ ಮನೆಗಳು ನಿಂತಿರುತ್ತವೆ. ಒಂದೊಂದು ಸ್ವರಕ್ಕೆ ಒಂದೊಂದು ಉದ್ದನೆಯ ಚೌಕ ಎಳೆಯಬೇಕು. ಚೌಕದೊಳಗೆ ಒಂದೊಂದು ಅಕ್ಷರ. ಅಷ್ಟಕ್ಕೇ ಬಿಟ್ಟರೆ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಕೇಳುತ್ತದೆ. ನಿಜವಾದ ದುಡಿಮೆ ಅಲ್ಲಿಂದ ಮುಂದೆ. ಚೌಕಗಳ ಕೆಳಗೆ ಇನ್ನೊಂದು ಪಟ್ಟಿ ಇದೆ. ಅಲ್ಲಿ ದನಿ ಎಲ್ಲಿ ಜೋರಾಗಬೇಕು, ಎಲ್ಲಿ ಉಸಿರು ಕೇಳಬೇಕು, ಸ್ವರ ಎಲ್ಲಿ ಜಾರಬೇಕು ಅಂತ ಮೌಸ್ ಹಿಡಿದು ಗೆರೆ ಬರೆಯಬೇಕು. ನೀವು ಜಾರು, ಕಂಪಿತ ಕಲಿತವರು. ಗುರುಗಳ ಎದುರು ಕೂತು ಗಂಟಲಲ್ಲಿ ತಂದುಕೊಂಡದ್ದನ್ನು ಈ ಹುಡುಗರು ಕೈಯಲ್ಲಿ ಗೆರೆಯಾಗಿ ಬರೆಯುತ್ತಾರೆ. ಕಿವಿ ಇಲ್ಲದವನಿಗೆ ಆ ಗೆರೆ ಬರೆಯೋಕೆ ಆಗುವುದಿಲ್ಲ. ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ಕೀಬೋರ್ಡ್ ನುಡಿಸಿದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಯಂತ್ರಕ್ಕೆ ಉಸಿರು ಕಟ್ಟುವುದಿಲ್ಲ. ಹಾಗಾಗಿ ಅಲ್ಲಿನ ಹಾಡುಗಳಲ್ಲಿ ಮಾತು ಜಾಸ್ತಿ, ಓಟ ಜಾಸ್ತಿ, ತಾರಕ್ಕೆ ಜಿಗಿತ ಜಾಸ್ತಿ. ಮನುಷ್ಯರಿಗೆ ಇದು ಸಾಧ್ಯವಾ ಅಂತ ಪಣ ತೊಟ್ಟು ಹುಡುಗ ಹುಡುಗಿಯರು ಅವನ್ನೇ ತಮ್ಮ ದನಿಯಲ್ಲಿ ಹಾಡಿ ಅದೇ ತಾಣಕ್ಕೆ ಹಾಕಿದರು. ಯಂತ್ರಕ್ಕೆಂದು ಬರೆದ ಹಾಡು ಗಂಟಲುಗಳನ್ನೂ ಪಳಗಿಸಿತು ನೋಡಿ!

2012ರಲ್ಲಿ ಹಾಚಿ ತಮ್ಮ ನಿಜ ಹೆಸರಿಗೆ ಬಂದರು. ‘ಡಿಯೊರಾಮಾ’ ಆಲ್ಬಮ್‌ನಲ್ಲಿ ತಾವೇ ಹಾಡಿದರು. ಮುಖಪುಟದ ಚಿತ್ರವೂ ಅವರದ್ದೇ.

ಆಮೇಲೆ ನಡೆದದ್ದು ನನಗೆ ಇಡೀ ಕಥೆಯಲ್ಲೇ ಬಹಳ ಇಷ್ಟ. 2017ರಲ್ಲಿ ಮಿಕುವಿಗೆ ಹತ್ತು ವರ್ಷ ತುಂಬಿತು. ‘ಮ್ಯಾಜಿಕಲ್ ಮಿರಾಯ್’ ಎಂಬ ಅವಳದೇ ಜಾತ್ರೆಗೆ ಹಾಡು ಬರೆದುಕೊಡಿ ಅಂತ ಹಾಚಿಯನ್ನು ಕೇಳಿದರು. ಹುಟ್ಟುಹಬ್ಬಕ್ಕೆ ಕರೆದರೆ ಯಾರಾದರೂ ಹರಸಿ ಹಾಡುತ್ತಾರೆ. ಇವರು ಹಳೆಯ ಹಾಚಿ ಹೆಸರಿನಲ್ಲೇ ‘ಮರಳಿನ ಗ್ರಹ’ ಅಂತ ಬರೆದರು. ಈ ಲೋಕ ಬರಡಾಗಿದೆ, ಸುತ್ತ ಮರಳೇ ಮರಳು ಅನ್ನುವ ಹಾಡು. ಅದನ್ನು ಮಿಕುವಿನ ಬಾಯಲ್ಲೇ ಹಾಡಿಸಿದರು. ವೋಕಲಾಯ್ಡ್ ಲೋಕದಲ್ಲೇ ಉಳಿದು ಹಾಡು ಕಟ್ಟುತ್ತಿದ್ದ ಎಷ್ಟೋ ಜನರಿಗೆ ನೋವಾಯಿತು. ಬಿಟ್ಟು ಹೋದವನು ನಮ್ಮ ಮನೆಯನ್ನು ಹಾಳು ಬಿದ್ದಿದೆ ಅನ್ನುವುದಾ ಅಂತ ಜಗಳವೇ ಆಯಿತು. ನನಗೆ ಅದು ಮುನಿಸಿನ ಹಾಡು ಅನ್ನಿಸುತ್ತದೆ. ತವರಿನ ಮೇಲೆ ಅಷ್ಟು ಮುನಿಸು ಬರಬೇಕಾದರೆ ಒಳಗೆ ಪ್ರೀತಿ ಇರಲೇಬೇಕು. ಸಾಹಿತ್ಯದಲ್ಲಿ ಹಳೆಯ ವೋಕಲಾಯ್ಡ್ ಹಾಡುಗಳ ನೆನಪುಗಳನ್ನು ಅವರು ಎಷ್ಟು ಜೋಪಾನವಾಗಿ ಪೋಣಿಸಿದ್ದಾರೆ ಅಂದರೆ, ಅವನ್ನೆಲ್ಲ ಕೂತು ಕೇಳಿದವನಿಗಷ್ಟೇ ಅದು ಸಾಧ್ಯ.

ಮುಂದಿನ ವರ್ಷ ‘ಲೆಮನ್’ ಬಂತು. ಅನುಮಾನದ ಸಾವುಗಳನ್ನು ಪರೀಕ್ಷಿಸುವ ವೈದ್ಯರ ಟಿವಿ ಧಾರಾವಾಹಿಗೆ ಬರೆದದ್ದು. ಬರೆಯುತ್ತಿರುವಾಗಲೇ ಅವರ ಅಜ್ಜ ತೀರಿಕೊಂಡರು. ಆ ಹಾಡು ಜಪಾನಿನ ಮನೆಮನೆಗೂ ಮುಟ್ಟಿತು. 2018ರ ಡಿಸೆಂಬರ್ 31ರಂದು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ವರ್ಷಾಂತ್ಯದ ಹಾಡಿನ ಕಾರ್ಯಕ್ರಮದಲ್ಲಿ, ಅದನ್ನು ಟೋಕಿಯೊಗೆ ಬರದೆ ತಮ್ಮ ಟೊಕುಶಿಮಾದ ಓತ್ಸುಕಾ ಕಲಾ ಸಂಗ್ರಹಾಲಯದಿಂದಲೇ ನೇರ ಪ್ರಸಾರದಲ್ಲಿ ಹಾಡಿದರು. 2023ರಲ್ಲಿ ಹೆಸರಾಂತ ಅನಿಮೇಷನ್ ನಿರ್ದೇಶಕ ಹಯಾವೊ ಮಿಯಾಜಾಕಿ ಅವರ ಸಿನಿಮಾಕ್ಕೂ ಇವರದೇ ಹಾಡು.

ಮಗಳ ಹತ್ತಿರ ‘ಹಾಚಿ’ ಅಂತ ಹೇಳಿ ನೋಡಿ. ಅವಳ ಮುಖ ಅರಳದಿದ್ದರೆ ನನಗೆ ಬರೆಯಿರಿ. ಒಂದು ಹಾಡಿನ ಸ್ವರ ಹಿಡಿದು ಅವಳಿಗೆ ಸರಿಗಮದಲ್ಲಿ ಹಾಡಿ ತೋರಿಸಿ. ಅದು ನಿಮ್ಮಿಂದ ಆಗುವ ಕೆಲಸ.

ಪ್ರಶ್ನೆ: ಇದೆಲ್ಲ ಹದಿಹರೆಯದ ಹುಚ್ಚು. ವಯಸ್ಸಾದ, ಶಾಸ್ತ್ರೀಯ ಸಂಗೀತ ಬಲ್ಲ ಯಾರೂ ಇದನ್ನು ಮುಟ್ಟಿರಲಿಕ್ಕಿಲ್ಲ, ಅಲ್ವಾ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಮುಟ್ಟಿದ್ದಾರೆ ಗುರುಗಳೇ, ಎಂಬತ್ತರ ವಯಸ್ಸಿನಲ್ಲಿ. ಜಪಾನಿನ ಸಂಗೀತ ಸಂಯೋಜಕ ಇಸಾವೊ ತೊಮಿತಾ 1932ರಲ್ಲಿ ಹುಟ್ಟಿದವರು. 1974ರಲ್ಲಿ ಮೂಗ್ ಎಂಬ ವಿದ್ಯುನ್ಮಾನ ವಾದ್ಯ (ಸಿಂಥಸೈಜರ್) ಹಿಡಿದು ಫ್ರೆಂಚ್ ಸಂಗೀತಕಾರ ದೆಬುಸಿಯ ಪಿಯಾನೊ ಕೃತಿಗಳಿಗೆ ಹೊಸ ಬಣ್ಣ ಕೊಟ್ಟು ಜಗತ್ತಿಗೇ ಪರಿಚಯವಾದರು. ಯಂತ್ರದ ಬಾಯಲ್ಲಿ ಮಾತು ಹಾಡಿಸಬೇಕು ಅನ್ನುವುದು ಅವರ ಹಳೆಯ ಆಸೆ. 2012ರ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ‘ಇಹಾತೋವ್ ಸಿಂಫನಿ’ ನುಡಿಸಿದಾಗ ಅದು ಕೈಗೂಡಿತು. ಕವಿ ಕೆಂಜಿ ಮಿಯಾಜಾವಾ ಅವರ ಲೋಕವನ್ನು ಕಟ್ಟುವ ಆ ಕೃತಿಯಲ್ಲಿ ಪೂರ್ಣ ವಾದ್ಯವೃಂದ, ಗಾಯನವೃಂದ, ಜೊತೆಗೆ ಗಾಯಕಿಯಾಗಿ ಮಿಕು. ಸಾಮಾನ್ಯವಾಗಿ ಇಂಥ ಕಡೆ ಯಂತ್ರದ ತಾಳಕ್ಕೆ ಮನುಷ್ಯರು ಕುಣಿಯಬೇಕು. ಇಲ್ಲಿ ನಿರ್ದೇಶಕರ ಕೋಲಿಗೆ ಮಿಕುವೇ ಹೊಂದಿಕೊಂಡು ಹಾಡಬೇಕು ಅಂತ ತೊಮಿತಾ ಹಟ ಹಿಡಿದರು, ಹಾಗೇ ಮಾಡಿಸಿದರು. ಲಯದ ಮಾತಿನಲ್ಲಿ ನಾನು ಅವರ ಪಕ್ಷ. 2016ರ ಮೇ ತಿಂಗಳಲ್ಲಿ ತೀರಿಕೊಳ್ಳುವ ತನಕವೂ ಮಿಕುವಿಗಾಗಿ ಇನ್ನೊಂದು ಕೃತಿ ಬರೆಯುತ್ತಲೇ ಇದ್ದರು.

ಪ್ರಶ್ನೆ: ಮಿಕುವಿನ ಕೈಯಲ್ಲಿ ಕನ್ನಡ ಹಾಡಿಸಬೇಕು ಅಂತ ಆಸೆ. ಆಗುತ್ತಾ ಸರ್?
– ಡಿಪ್ಲೊಮಾ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಮಿಕುವಿನ ಜಪಾನಿ ದನಿಯಲ್ಲಿ ತೊಡಕಿದೆ. ಅದರಲ್ಲಿ ರ, ಲ ಎರಡಕ್ಕೂ ಸೇರಿ ಒಂದೇ ಸದ್ದು. ಳ, ಣ ಇಲ್ಲವೇ ಇಲ್ಲ. ‘ಬಳ್ಳಾರಿ’ ಅಂತ ನಿಮ್ಮ ಊರ ಹೆಸರನ್ನೇ ಅದು ನೆಟ್ಟಗೆ ಹಾಡದು.

ಅದರ ಬದಲು ಉಟಾವು ನೋಡಿ. 2008ರಲ್ಲಿ ಬಂದ ಜಪಾನಿನ ಉಚಿತ ತಂತ್ರಾಂಶ. ಅದರಲ್ಲಿ ನಿಮ್ಮದೇ ದನಿ ತುಂಬಬಹುದು. ಒಂದು ಅಕ್ಷರಕ್ಕೆ ಒಂದು ಆಡಿಯೊ ಫೈಲ್, ಅಂದರೆ ನಮ್ಮ ಕಾಗುಣಿತವೇ. ಪ್ರತಿ ಫೈಲಿನಲ್ಲೂ ವ್ಯಂಜನ ಎಲ್ಲಿ ಮುಗಿದು ಸ್ವರ ಎಲ್ಲಿ ಶುರುವಾಗುತ್ತದೆ ಅಂತ ಗುರುತು ಹಾಕಬೇಕು. ‘ಸಾ’ ಅಂತ ಎಳೆದಾಗ ತಂತ್ರಾಂಶ ‘ಸ್’ ಅನ್ನು ಮುಟ್ಟದೆ ‘ಆ’ ಅನ್ನಷ್ಟೇ ಎಳೆಯುತ್ತದೆ. ಗುರುತು ತಪ್ಪಿದರೆ ಹಾಡು ತೊದಲುತ್ತದೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ಈ ಪದ್ಧತಿ ನಮಗೆ ಹೊಂದುತ್ತದೆ. ಕ್ಷ, ಸ್ತ್ರ, ಷ್ಟ ಬಂದಾಗ ಹೆಚ್ಚಿನ ಫೈಲ್ ಬೇಕಾಗುತ್ತವೆ.

ಒಮ್ಮೆಲೇ ಭಾವಗೀತೆಗೆ ಕೈ ಹಾಕಬೇಡಿ. ಫ್ಯಾನ್ ಆಫ್ ಮಾಡಿ, ಬಾಗಿಲು ಹಾಕಿ, ಒಂದೇ ಶ್ರುತಿಯಲ್ಲಿ, ಒಂದೇ ಜೋರಿನಲ್ಲಿ ಸ, ರಿ, ಗ, ಮ, ಪ, ದ, ನಿ ಏಳನ್ನು ರೆಕಾರ್ಡ್ ಮಾಡಿ. ಸರಳೆ ವರಿಸೆ ಹಾಡಿಸಲು ಆ ಏಳು ಫೈಲ್ ಸಾಕು. ಮಾಯಾಮಾಳವಗೌಳದಲ್ಲಿ ಒಂದನೇ ಕಾಲ ನೆಟ್ಟಗೆ ಬಂದ ಮೇಲೆ ರಿಷಭಕ್ಕೆ ಸಣ್ಣದಾಗಿ ಗಮಕದ ಗೆರೆ ಎಳೆದು, ಫೈಲನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕೇಳಿ ಉತ್ತರ ಬರೆಯುತ್ತೇನೆ.