ಜ್ಯಾಮಿತಿ, ಟೋಪಾಲಜಿ, ರೆಪ್ರೆಸೆಂಟೇಶನ್ ಥಿಯರಿ ಮೂರೂ ಬರುವ ಸೆಮಿನಾರ್ ವಿಷಯ ಯಾವುದು?

ಪಿಎಚ್‌ಡಿ ಎರಡನೇ ವರ್ಷ, ಒಂದು ಗಂಟೆಯ ಟಾಕ್, ಎದುರಿಗೆ ಮೂರೂ ವಿಷಯದವರು ಕೂತಿರುತ್ತಾರೆ, ಏನು ಆರಿಸಲಿ ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಜಿಯೊಮೆಟ್ರಿಕ್ ಲ್ಯಾಂಗ್‌ಲ್ಯಾಂಡ್ಸ್, ಮಿರರ್ ಸಿಮೆಟ್ರಿ, ಖೊವಾನೊವ್ ಹೊಮಾಲಜಿ ಇವೆ. ಮೊದಲ ಎರಡನ್ನು ಈಗಲೇ ಹೊಡೆದುಹಾಕಿ. ವಿಷಯ ಚೆನ್ನಾಗಿಲ್ಲ ಅಂತಲ್ಲ. ಡೆಫಿನಿಶನ್ ಬರೆಯುವುದರಲ್ಲೇ ಗಂಟೆ ಮುಗಿದುಹೋಗುತ್ತದೆ, ಒಂದು ಲೆಕ್ಕವನ್ನೂ ತೋರಿಸಲು ಆಗುವುದಿಲ್ಲ.

ನನ್ನನ್ನು ಕೇಳಿದರೆ ಸ್ಪ್ರಿಂಗರ್ ಕರೆಸ್ಪಾಂಡೆನ್ಸ್ ತೆಗೆದುಕೊಳ್ಳಿ, ಅಂದರೆ ನಿಲ್‌ಪೊಟೆಂಟ್ ಮ್ಯಾಟ್ರಿಕ್ಸ್‌ಗಳ ಬಗೆಗಳಿಗೂ ಪರ್ಮ್ಯುಟೇಶನ್ ಗ್ರೂಪಿನ ರೆಪ್ರೆಸೆಂಟೇಶನ್‌ಗಳಿಗೂ ಇರುವ ಹೊಂದಿಕೆ. ಟಿ. ಎ. ಸ್ಪ್ರಿಂಗರ್ 1970ರ ದಶಕದಲ್ಲಿ ಕಂಡುಕೊಂಡದ್ದು. ಅದರಲ್ಲೂ 3×3 ಮ್ಯಾಟ್ರಿಕ್ಸ್‌ಗಳನ್ನು ಮಾತ್ರ ಮಾಡಿ. ಇದು ಪೂರ್ತಿ ಬೋರ್ಡ್ ಮೇಲೆ ಹಿಡಿಸುತ್ತದೆ, ಮೂರೂ ಕಡೆಯವರಿಗೆ ಕೆಲಸ ಸಿಗುತ್ತದೆ.

ಲೆಕ್ಕ ಹೀಗಿದೆ. 3×3 ನಿಲ್‌ಪೊಟೆಂಟ್ ಮ್ಯಾಟ್ರಿಕ್ಸ್‌ಗಳಲ್ಲಿ (ತಮ್ಮಿಂದಲೇ ಮತ್ತೆ ಮತ್ತೆ ಗುಣಿಸಿದರೆ ಸೊನ್ನೆಯಾಗುವಂಥವು) ಜಾರ್ಡನ್ ರೂಪ ನೋಡಿದರೆ ಮೂರೇ ಬಗೆ: ಸೊನ್ನೆ; 2 ಮತ್ತು 1 ಅಳತೆಯ ಬ್ಲಾಕ್‌ಗಳು; ಒಂದೇ 3ರ ಬ್ಲಾಕ್. ಇನ್ನು ಫ್ಲ್ಯಾಗ್ ಅಂದರೆ ಮೂರು ಆಯಾಮದ ಕಾಂಪ್ಲೆಕ್ಸ್ ಸ್ಪೇಸ್‌ನಲ್ಲಿ ಸೊನ್ನೆಯ ಮೂಲಕ ಹೋಗುವ ಒಂದು ಗೆರೆ, ಮತ್ತು ಆ ಗೆರೆ ಇರುವ ಒಂದು ಸಮತಲ. ಮ್ಯಾಟ್ರಿಕ್ಸ್ ಯಾವ ಯಾವ ಫ್ಲ್ಯಾಗ್‌ಗಳನ್ನು ಅವುಗಳೊಳಗೇ ಇಡುತ್ತದೆ ಅಂತ ಕೇಳಿ. ಆ ಫ್ಲ್ಯಾಗ್‌ಗಳ ಗುಂಪೇ ಸ್ಪ್ರಿಂಗರ್ ಫೈಬರ್.

ಒಂದೇ ದೊಡ್ಡ ಬ್ಲಾಕ್ ಇದ್ದರೆ ಒಂದೇ ಒಂದು ಫ್ಲ್ಯಾಗ್ ಸಿಗುತ್ತದೆ. ಮ್ಯಾಟ್ರಿಕ್ಸ್ ಸೊನ್ನೆಯಾದರೆ ಎಲ್ಲ ಫ್ಲ್ಯಾಗ್‌ಗಳೂ ಬರುತ್ತವೆ, ಅದು ಕಾಂಪ್ಲೆಕ್ಸ್ ಆಯಾಮ 3ರ ಸ್ಪೇಸ್. ಮಜಾ ಇರುವುದು ನಡುವಿನದರಲ್ಲಿ. ಅಲ್ಲಿ ಕರ್ನಲ್ ಒಂದು ಸಮತಲ, ಇಮೇಜ್ ಆ ಸಮತಲದೊಳಗಿನ ಒಂದು ಗೆರೆ. ಫ್ಲ್ಯಾಗ್‌ನ ಗೆರೆ ಕರ್ನಲ್‌ನಲ್ಲೇ ಇರಬೇಕು, ಸಮತಲ ಇಮೇಜನ್ನು ಒಳಗೊಂಡಿರಲೇಬೇಕು. ಹಾಗಾಗಿ ಗೆರೆ ಇಮೇಜೇ ಆಗಿದ್ದರೆ ಸಮತಲವನ್ನು ಅದರ ಸುತ್ತ ಹೇಗೆ ಬೇಕಾದರೂ ತಿರುಗಿಸಬಹುದು. ಇಲ್ಲವಾದರೆ ಸಮತಲ ಕರ್ನಲ್ಲೇ ಆಗಬೇಕು, ಗೆರೆ ಅದರೊಳಗೆ ಓಡಾಡಬಹುದು. ಕಾಂಪ್ಲೆಕ್ಸ್ ಸಮತಲದಲ್ಲಿ ಸೊನ್ನೆಯ ಮೂಲಕ ಹೋಗುವ ಗೆರೆಗಳೆಲ್ಲ ಸೇರಿದರೆ ಒಂದು ಗೋಳ, ಹಾಗಾಗಿ ಒಂದೊಂದರಿಂದ ಒಂದೊಂದು ಗೋಳ. ಅವೆರಡೂ ಒಂದೇ ಬಿಂದುವಿನಲ್ಲಿ ತಾಗುತ್ತವೆ. ಬೋರ್ಡ್ ಮೇಲೆ ಈ ಚಿತ್ರ ಬರೆಯಲು ಹಿಂಜರಿಯಬೇಡಿ, ಇಡೀ ಟಾಕ್‌ನ ಜೀವ ಅದೇ.

ಈಗ ಮೂರೂ ಫೈಬರ್‌ಗಳ ಅತಿ ಮೇಲಿನ ಕೊಹೊಮಾಲಜಿಯ ಆಯಾಮ (ಇಲ್ಲಿ ಅದು ಫೈಬರ್‌ನ ತುಂಡುಗಳ ಎಣಿಕೆಯೇ) ನೋಡಿ: 1, 2, 1. ಮೂರು ವಸ್ತುಗಳನ್ನು ಅದಲುಬದಲು ಮಾಡುವ ಗ್ರೂಪಿನ ಇರ್ರೆಡ್ಯೂಸಿಬಲ್ (ಇನ್ನೂ ಸಣ್ಣದಾಗಿ ಒಡೆಯಲಾಗದ) ರೆಪ್ರೆಸೆಂಟೇಶನ್‌ಗಳ ಆಯಾಮವೂ ಅಷ್ಟೇ. ವರ್ಗ ಮಾಡಿ ಕೂಡಿದರೆ 1+4+1, ಅಂದರೆ 6. ಗ್ರೂಪಿನಲ್ಲಿ ಇರುವುದೂ 6.

ಇಲ್ಲಿ ಯಾರಾದರೂ ಕೈ ಎತ್ತಿಯೇ ಎತ್ತುತ್ತಾರೆ. ಗ್ರೂಪ್ ಎಲ್ಲಿಂದ ಬಂತು? ಎರಡು ಗೋಳಗಳ ಚಿತ್ರ ನೋಡಿದರೆ ಆರು ಪರ್ಮ್ಯುಟೇಶನ್ ಅದರ ಮೇಲೆ ಆಕ್ಟ್ ಮಾಡುವಂತೆ ಕಾಣುವುದೇ ಇಲ್ಲ, ಅಲ್ವಾ? ಸರಿಯಾದ ಪ್ರಶ್ನೆ. ಗ್ರೂಪ್ ಆಕ್ಟ್ ಮಾಡುವುದು ಕೊಹೊಮಾಲಜಿಯ ಮೇಲೆ. ಉತ್ತರದ ಸುಳಿವು ಪಕ್ಕದ ಮ್ಯಾಟ್ರಿಕ್ಸ್‌ಗಳಲ್ಲಿದೆ. ಮೂರು ಬೇರೆ ಬೇರೆ ಐಗನ್‌ವ್ಯಾಲ್ಯೂ ಇರುವ ಮ್ಯಾಟ್ರಿಕ್ಸ್ ತೆಗೆದುಕೊಂಡರೆ ಸರಿಯಾಗಿ 6 ಫ್ಲ್ಯಾಗ್‌ಗಳು ಉಳಿಯುತ್ತವೆ, ಐಗನ್‌ವ್ಯಾಲ್ಯೂಗಳನ್ನು ಸಾಲಾಗಿ ನಿಲ್ಲಿಸುವ ಒಂದೊಂದು ರೀತಿಗೆ ಒಂದೊಂದು. ಮ್ಯಾಟ್ರಿಕ್ಸನ್ನು ಮೆಲ್ಲಗೆ ಬದಲಿಸುತ್ತಾ ಎರಡು ಐಗನ್‌ವ್ಯಾಲ್ಯೂ ಒಂದರ ಜಾಗಕ್ಕೆ ಇನ್ನೊಂದು ಬರುವಂತೆ ಮಾಡಿ, ಮತ್ತೆ ಮೊದಲಿನ ಮ್ಯಾಟ್ರಿಕ್ಸ್‌ಗೇ ಬನ್ನಿ. ಆರು ಫ್ಲ್ಯಾಗ್‌ಗಳು ತಮ್ಮೊಳಗೆ ಜಾಗ ಬದಲಿಸಿರುತ್ತವೆ. ಗ್ರೂಪ್ ಬಂದದ್ದು ಇಲ್ಲಿಂದ. ಅದು ನಿಲ್‌ಪೊಟೆಂಟ್ ಕಡೆಗೂ ದಾಟುತ್ತದೆ ಅಂತ ತೋರಿಸುವ ಒಂದು ದಾರಿ ಪರ್ವರ್ಸ್ ಶೀವ್ಸ್, ಅಂದರೆ ಎಲ್ಲ ಫೈಬರ್‌ಗಳ ಕೊಹೊಮಾಲಜಿಯನ್ನೂ ಒಟ್ಟಿಗೆ ಹಿಡಿಯುವ ಒಂದು ಸಾಧನ. ಅದನ್ನು ಸುಮ್ನೆ ಹೇಳಿ ಮುಂದೆ ಹೋಗಿ, ಪ್ರೂಫ್‌ಗೆ ಕೈ ಹಾಕಬೇಡಿ.

ಒಂದು ಎಚ್ಚರಿಕೆ. ಸೊನ್ನೆ ಮ್ಯಾಟ್ರಿಕ್ಸ್‌ಗೆ ಟ್ರಿವಿಯಲ್ ರೆಪ್ರೆಸೆಂಟೇಶನ್ನೋ (ಏನೂ ಬದಲಾಗದ್ದು) ಸೈನ್ ರೆಪ್ರೆಸೆಂಟೇಶನ್ನೋ (ಎರಡನ್ನು ಅದಲುಬದಲು ಮಾಡಿದರೆ ಚಿಹ್ನೆ ಬದಲಾಗುವಂಥದ್ದು) ಅನ್ನುವುದರಲ್ಲಿ ಪುಸ್ತಕಗಳು ಒಂದೇ ಥರ ಇಲ್ಲ. ನೀವು ಯಾವುದನ್ನು ಹಿಡಿದಿದ್ದೀರಿ ಅಂತ ಮೊದಲೇ ಬೋರ್ಡ್ ಮೂಲೆಯಲ್ಲಿ ಬರೆದುಬಿಡಿ. ಇಲ್ಲದಿದ್ದರೆ ಕೊನೆಯ ಹತ್ತು ನಿಮಿಷ ಅದೇ ಚರ್ಚೆ.

ಕೇಳುವವರಲ್ಲಿ ಹೊಸಬರು ಜಾಸ್ತಿ ಇದ್ದರೆ ಸ್ಪ್ರಿಂಗರ್ ಬದಲು ಬೊರೆಲ್–ವೇಯ್ಲ್ ಪ್ರಮೇಯ ಸಾಕು. ಗೋಳದ ಮೇಲಿನ ಲೈನ್ ಬಂಡಲ್‌ಗಳ ಹೊಲೊಮಾರ್ಫಿಕ್ ಸೆಕ್ಷನ್‌ಗಳು ಅಂದರೆ ಎರಡು ಚರಗಳ, ಒಂದೇ ಡಿಗ್ರಿಯ ಪಾಲಿನಾಮಿಯಲ್‌ಗಳು. ಎಸ್‌ಯು(2)ರ ಎಲ್ಲ ಇರ್ರೆಡ್ಯೂಸಿಬಲ್‌ಗಳೂ ಅದರಿಂದಲೇ ಬರುತ್ತವೆ. ಬಂಡಲ್ ಕಡೆಯವರು ಜಾಸ್ತಿ ಇದ್ದರೆ 1965ರ ನರಸಿಂಹನ್–ಶೇಷಾದ್ರಿ ಪ್ರಮೇಯ: ಕಾಂಪ್ಯಾಕ್ಟ್ ರೀಮನ್ ಸರ್ಫೇಸ್ ಮೇಲಿನ ಡಿಗ್ರಿ ಸೊನ್ನೆಯ ಸ್ಟೇಬಲ್ ಬಂಡಲ್‌ಗಳೂ, ಅದರ ಫಂಡಮೆಂಟಲ್ ಗ್ರೂಪಿನ ಇರ್ರೆಡ್ಯೂಸಿಬಲ್ ಯುನಿಟರಿ ರೆಪ್ರೆಸೆಂಟೇಶನ್‌ಗಳೂ ಒಂದೇ. ಹೇಳಿಕೆ ಬಹಳ ಸುಂದರ. ಆದರೆ ಕೈಯಲ್ಲಿ ಮಾಡುವ ಸಣ್ಣ ಉದಾಹರಣೆ ಸಿಗುವುದು ಕಷ್ಟ, ಅದಕ್ಕೇ ಎರಡನೇ ಸಾಲಿನಲ್ಲಿ ಇಟ್ಟೆ.

ಖೊವಾನೊವ್ ಮೇಲೆ ಮನಸ್ಸಿದ್ದರೆ ಅದನ್ನೂ ಪೂರ್ತಿ ಬಿಡಬೇಕಿಲ್ಲ. ಗಂಟುಗಳ ಜೋನ್ಸ್ ಪಾಲಿನಾಮಿಯಲ್ ಬಂದದ್ದು 1984ರಲ್ಲಿ. ಗಂಟೇ ಇಲ್ಲದ ಬಳೆಯನ್ನು ಅದು ಯಾವಾಗಲೂ ಗುರುತಿಸುತ್ತದೆಯೇ ಅನ್ನುವುದು ಇನ್ನೂ ತೆರೆದ ಪ್ರಶ್ನೆ. ಆ ಪಾಲಿನಾಮಿಯಲ್‌ಗಿಂತ ಹೆಚ್ಚು ಮಾಹಿತಿ ಹಿಡಿದಿಡುವ ಖೊವಾನೊವ್ ಹೊಮಾಲಜಿ ಗುರುತಿಸುತ್ತದೆ ಅಂತ 2011ರಲ್ಲಿ ಕ್ರಾನ್‌ಹೈಮರ್ ಮತ್ತು ಮ್ರೋಕಾ ತೋರಿಸಿದರು. ಈ ಕಥೆಗೂ ಸ್ಪ್ರಿಂಗರ್ ಫೈಬರ್‌ಗೂ ನೇರ ನಂಟಿದೆ. 4×4ರಲ್ಲಿ 2, 2 ಬ್ಲಾಕ್‌ಗಳ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಫೈಬರ್‌ನಲ್ಲಿ ಎರಡು ತುಂಡು ಸಿಗುತ್ತವೆ, ಟೋಪಾಲಜಿಯ ಕಣ್ಣಿಗೆ ಎರಡೂ ಗೋಳ ಗುಣಿಸು ಗೋಳ. ನಾಲ್ಕು ಬಿಂದುಗಳನ್ನು ಒಂದನ್ನೊಂದು ಅಡ್ಡ ಹಾಯದ ಕಮಾನುಗಳಿಂದ ಜೋಡಿಸಲು ಇರುವುದೂ ಎರಡೇ ದಾರಿ. ಇಂಥ ಕಮಾನುಗಳಿಂದಲೇ ಖೊವಾನೊವ್ ಗಂಟುಗಳಿಗಾಗಿ ಕಟ್ಟಿದ ಆರ್ಕ್ ಆಲ್ಜಿಬ್ರಾದ ಸೆಂಟರ್ (ಯಾವುದರ ಜೊತೆ ಯಾವ ಕ್ರಮದಲ್ಲಿ ಗುಣಿಸಿದರೂ ಒಂದೇ ಉತ್ತರ ಬರುವ ಭಾಗ) ಈ ಬಗೆಯ ಫೈಬರ್‌ನ ಕೊಹೊಮಾಲಜಿಯೇ. ಟಾಕ್‌ನಲ್ಲಿ ಐದು ನಿಮಿಷ ಉಳಿದರೆ ಈ ಚಿತ್ರ ಬರೆಯಿರಿ. ಉಳಿಯದಿದ್ದರೆ ಪ್ರಶ್ನೋತ್ತರದ ಹೊತ್ತಿಗೆ ಇಟ್ಟುಕೊಳ್ಳಿ, ಟೋಪಾಲಜಿಯವರು ಕೇಳಿಯೇ ಕೇಳುತ್ತಾರೆ.