ಫೈಬರ್ ಕನೆಕ್ಷನ್‌ಗೆ ನಮ್ಮದೇ ರೌಟರ್ ಹಾಕಬಹುದಾ?

ಹಾಕಬಹುದು. ಆದರೆ ನೀವು ಕೇಳಿರುವ ಹಾಗೆ ಕಂಪನಿಯವರ ಬಾಕ್ಸನ್ನು ಪೂರ್ತಿ ತೆಗೆದು, ಆ ಜಾಗಕ್ಕೆ ನಿಮ್ಮ ಹಳೇ ರೌಟರ್ ಇಡಲು ಆಗುವುದಿಲ್ಲ. ಬಾಕ್ಸ್ ಅಲ್ಲೇ ಇರಲಿ, ಅದರಿಂದ ಒಂದು ಕೇಬಲ್ ಎಳೆದು ನಿಮ್ಮ ರೌಟರ್ ಕೂರಿಸಿ. ಒಳಗಿನ ರೂಮಿಗೆ ವೈಫೈ ಸಿಗುತ್ತಿಲ್ಲ ಅನ್ನುವುದಷ್ಟೇ ನಿಮ್ಮ ತೊಂದರೆಯಾದರೆ, ಕಂಪನಿಗೆ ಫೋನ್ ಕೂಡ ಮಾಡದೆ ಇವತ್ತೇ ಮುಗಿಸಿಕೊಳ್ಳಬಹುದು.

ಬಾಕ್ಸ್ ಯಾಕೆ ಬೇಕು ಅಂದರೆ, ಗೋಡೆಯಿಂದ ಬರುವ ಆ ತೆಳು ವೈರಿನಲ್ಲಿ ಹರಿಯುವುದು ಬೆಳಕು. ನಿಮ್ಮ ರೌಟರಿನ ವ್ಯಾನ್ ಪೋರ್ಟ್, ಅಂದರೆ ಹೊರಗಿನ ಇಂಟರ್ನೆಟ್ ಕೇಬಲ್ ಚುಚ್ಚುವ ಕಿಂಡಿ, ಇರುವುದು ತಾಮ್ರದ ಕೇಬಲ್‌ಗೆ. ನಡುವೆ ಬೆಳಕನ್ನು ವಿದ್ಯುತ್ ಸಿಗ್ನಲ್ ಮಾಡಿಕೊಡುವುದೇ ಆ ಬಾಕ್ಸ್, ಅದನ್ನು ಒಎನ್‌ಟಿ ಅಥವಾ ಒಎನ್‌ಯು ಅನ್ನುತ್ತಾರೆ. ಅದರ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಜಿಪಾನ್ ಅನ್ನುವ ವ್ಯವಸ್ಥೆಯಲ್ಲಿ ಒಂದೇ ಫೈಬರನ್ನು ಸ್ಪ್ಲಿಟರ್ ಹಾಕಿ 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಕೆಳಗೆ ಬರುವ ಡೇಟಾ 1490 ನ್ಯಾನೋಮೀಟರ್ ಬೆಳಕಿನಲ್ಲಿ, ಮೇಲೆ ಹೋಗುವುದು 1310ರಲ್ಲಿ. ಎಲ್ಲ ಮನೆಗಳ ಡೇಟಾ ಎಲ್ಲ ಬಾಕ್ಸ್‌ಗೂ ಬಂದು ತಲುಪುತ್ತದೆ, ನಿಮ್ಮ ಬಾಕ್ಸ್ ನಿಮ್ಮದನ್ನು ಮಾತ್ರ ಎತ್ತಿಕೊಳ್ಳುತ್ತದೆ. ವಾಪಸ್ ಕಳಿಸುವಾಗ ತನ್ನ ಸರದಿ ಬರುವ ತನಕ ಕಾಯುತ್ತದೆ. ಇದೆಲ್ಲ ನಡೆಯಬೇಕಾದರೆ ಆ ಬಾಕ್ಸಿನ ಸೀರಿಯಲ್ ನಂಬರ್ ಕಂಪನಿಯ ಕಡೆ ದಾಖಲಾಗಿರಬೇಕು. ಹಾಗಾಗಿ ಅಂಥದ್ದೇ ಬೇರೆ ಬಾಕ್ಸ್ ತಂದು ಸುಮ್ನೆ ಚುಚ್ಚಿದರೂ ಲೈನ್ ಬರುವುದಿಲ್ಲ. ಜರ್ಮನಿಯಲ್ಲಿ 2016ರ ಆಗಸ್ಟ್‌ನಿಂದ ಗ್ರಾಹಕರು ತಮಗೆ ಬೇಕಾದ ಮೋಡೆಮ್, ರೌಟರ್ ಬಳಸಬಹುದು ಅಂತ ಕಾನೂನೇ ಇದೆ. ಆದರೆ ಅಲ್ಲಿಯೂ ಹೊಸ ಬಾಕ್ಸಿನ ವಿವರ ಕಂಪನಿಗೆ ಕೊಡಬೇಕಲ್ವಾ, ಸುಮ್ಮನೆ ಆಗುವ ಕೆಲಸವಲ್ಲ.

ಈಗ ನಿಮ್ಮ ರೂಮಿನ ವಿಷಯ. ನಿಮ್ಮ ರೌಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ರೌಟರ್ ಬರೀ ವೈಫೈ ಹಂಚುವ ಮೋಡ್) ಇದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಕೈಯಾರೆ ಮಾಡಬಹುದು. ಮೊದಲು ರೌಟರಿನ ಐಪಿ ವಿಳಾಸ ಬದಲಿಸಿ. ಬಾಕ್ಸ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಅದು ಬಾಕ್ಸ್ ಹಂಚುವ ವಿಳಾಸಗಳ ಪಟ್ಟಿಯಿಂದ ಹೊರಗಿರಲಿ. ಆಮೇಲೆ ರೌಟರಿನ ಡಿಎಚ್‌ಸಿಪಿ, ಅಂದರೆ ಫೋನ್, ಕಂಪ್ಯೂಟರ್‌ಗಳಿಗೆ ತಾನಾಗೇ ವಿಳಾಸ ಹಂಚುವ ವ್ಯವಸ್ಥೆ, ಆಫ್ ಮಾಡಿ. ಬಾಕ್ಸಿನ ಲ್ಯಾನ್ ಪೋರ್ಟ್‌ನಿಂದ (ಮನೆಯೊಳಗಿನ ಸಾಧನಗಳಿಗೆ ಇರುವ ಕಿಂಡಿ) ರೌಟರಿನ ಲ್ಯಾನ್ ಪೋರ್ಟ್‌ಗೇ ಕೇಬಲ್ ಹಾಕಿ, ವ್ಯಾನ್ ಪೋರ್ಟ್ ಖಾಲಿ ಇರಲಿ. ಕೇಬಲ್ ಎಳೆಯುವುದು ಬೇಜಾರು ಅಂತ ಬಾಕ್ಸಿನ ಪಕ್ಕದಲ್ಲೇ ರೌಟರ್ ಇಡಬೇಡಿ, ಪ್ರಯೋಜನ ಇಲ್ಲ. ಅದು ಒಳಗಿನ ರೂಮಿನ ಹತ್ತಿರವೇ ಇರಬೇಕು.

ವ್ಯಾನ್ ಪೋರ್ಟ್‌ಗೆ ಹಾಕಿದರೂ ಇಂಟರ್ನೆಟ್ ಬರುತ್ತದೆ. ಆದರೆ ಮನೆಯ ಸಾಧನಗಳ ವಿಳಾಸವನ್ನು ಹೊರಗಿನ ಒಂದೇ ವಿಳಾಸಕ್ಕೆ ಬದಲಿಸುವ ನ್ಯಾಟ್ ಅನ್ನುವ ಕೆಲಸವನ್ನು ಆಗ ಬಾಕ್ಸೂ ಮಾಡುತ್ತದೆ, ರೌಟರೂ ಮಾಡುತ್ತದೆ. ಇದಕ್ಕೆ ಡಬಲ್ ನ್ಯಾಟ್ ಅನ್ನುತ್ತಾರೆ. ವಿಡಿಯೋ ನೋಡುವುದಕ್ಕೆ, ಬ್ರೌಸ್ ಮಾಡುವುದಕ್ಕೆ ಇದರಿಂದ ಏನೂ ಆಗುವುದಿಲ್ಲ. ಆನ್‌ಲೈನ್ ಗೇಮ್, ಹೊರಗಿನಿಂದ ನೋಡುವ ಕ್ಯಾಮೆರಾ ಇಂಥದ್ದಕ್ಕೆ ಕಿರಿಕಿರಿ. ಎರಡೂ 192.168.1.1 ಆಗಿದ್ದರಂತೂ ಲೈನೇ ಬರದೆ ಹೋಗಬಹುದು, ಆಗ ರೌಟರಿನದನ್ನು 192.168.50.1 ಅಂತ ಬದಲಿಸಿಕೊಳ್ಳಿ.

ರೌಟರಿನ ಕೆಲಸವೆಲ್ಲ ನಿಮ್ಮದೇ ರೌಟರ್ ಮಾಡಬೇಕು ಅಂದರೆ ಬಾಕ್ಸನ್ನು ಬ್ರಿಡ್ಜ್ ಮೋಡ್‌ಗೆ ಹಾಕಬೇಕು. ನನ್ನ ಮನೆಯಲ್ಲಿ ಇರುವುದು ಇದೇ, ನನಗೆ ಇಷ್ಟವಾದ ದಾರಿಯೂ ಇದೇ. ಬಾಕ್ಸ್ ಬೆಳಕನ್ನು ಮಾತ್ರ ನೋಡಿಕೊಳ್ಳುತ್ತದೆ, ಉಳಿದದ್ದೆಲ್ಲ ರೌಟರ್. ಆದರೆ ಮೊದಲ ಸಲ ಮಾಡುವಾಗ ಎರಡು ದಿನ ಇಂಟರ್ನೆಟ್ ಇಲ್ಲದೆ ಕೂತಿದ್ದೆ. ಏನೋ ತಪ್ಪಾಯಿತು, ಮೊದಲಿನ ಹಾಗೆ ಆಗಲಿ ಅಂತ ಬಾಕ್ಸಿನ ರೀಸೆಟ್ ಗುಂಡಿ ಒತ್ತಿಬಿಟ್ಟೆ. ಲೈನ್ ಹಾಕಿದವರು ಒಳಗೆ ತುಂಬಿದ್ದ ಪಿಪಿಪಿಒಇ (ಕಂಪನಿಯ ಲೈನಿಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಲೈನಿನಲ್ಲಿ ಇಂಟರ್ನೆಟ್ ಡೇಟಾವನ್ನು ಬೇರೆಯಾಗಿ ಗುರುತಿಸುವ ನಂಬರ್) ಎಲ್ಲ ಅಳಿಸಿಹೋದವು. ಕಂಪನಿಗೆ ಫೋನ್ ಮಾಡಿದಾಗ ಯೂಸರ್‌ನೇಮ್, ಪಾಸ್‌ವರ್ಡ್ ಬೇಗ ಸಿಕ್ಕವು. ವಿಲ್ಯಾನ್ ನಂಬರ್ ಸಿಗುವ ಹೊತ್ತಿಗೆ ಎರಡನೇ ದಿನದ ಸಂಜೆಯಾಗಿತ್ತು. ಅದೊಂದು ನಂಬರ್ ಇಲ್ಲದಿದ್ದರೆ ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಆಗುವುದಿಲ್ಲ, ಏನೂ ಉತ್ತರವೇ ಬರುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಏನನ್ನೂ ಮುಟ್ಟುವ ಮೊದಲು ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿರುವ ವ್ಯಾನ್ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಪಾಸ್‌ವರ್ಡ್ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಅದನ್ನು ಕಂಪನಿಯಿಂದಲೇ ಕೇಳಿ ಪಡೆಯಿರಿ. ಬ್ರಿಡ್ಜ್ ಮಾಡಿಕೊಡಿ ಅಂತ ಅವರನ್ನೇ ಕೇಳುವುದು ಇನ್ನೂ ವಾಸಿ. ಬಾಕ್ಸನ್ನು ಅವರು ದೂರದಿಂದಲೇ ನಿಭಾಯಿಸುತ್ತಿದ್ದರೆ, ನೀವೇ ಮಾಡಿದ ಬದಲಾವಣೆ ಇನ್ನೊಂದು ದಿನ ತಾನಾಗೇ ಅಳಿಸಿಹೋಗಬಹುದು. ರೌಟರಿನಲ್ಲಿ ಪಿಪಿಪಿಒಇ ಹಾಕುವಾಗ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಗರಿಷ್ಠ ಗಾತ್ರ) 1492 ಇರಲಿ. ಸಾಮಾನ್ಯ 1500ರಲ್ಲಿ 8 ಬೈಟ್ ಪಿಪಿಪಿಒಇಗೇ ಹೋಗುತ್ತದೆ. ಕೆಲವು ಸೈಟ್ ಮಾತ್ರ ತೆರೆಯದೆ ಒದ್ದಾಡುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಬಾಕ್ಸಿಗೆ ಲ್ಯಾಂಡ್‌ಲೈನ್ ಫೋನ್ ಅಥವಾ ಟಿವಿ ಬಾಕ್ಸ್ ಹಾಕಿದ್ದರೆ, ಬ್ರಿಡ್ಜ್ ಆದ ಮೇಲೆ ಅವು ನಡೆಯುತ್ತವಾ ಅಂತ ಕೇಳಿಕೊಳ್ಳುವುದು ಮರೆಯಬೇಡಿ.

ಬ್ರಿಡ್ಜ್ ಮಾಡಿದ ಮಾತ್ರಕ್ಕೆ ಹೊರಗಿನಿಂದ ಮನೆಯ ಕ್ಯಾಮೆರಾಕ್ಕೆ ದಾರಿ ತೆರೆದ ಹಾಗೆ ಆಗುವುದಿಲ್ಲ. ರೌಟರಿಗೆ ಸಿಕ್ಕ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಕಂಪನಿಯ ಕಡೆಯೇ ಇನ್ನೊಂದು ನ್ಯಾಟ್ ಇದೆ ಅಂತ ಅರ್ಥ. ಆಗ ಹೊರಗಿನಿಂದ ನೇರವಾಗಿ ತಲುಪಬಹುದಾದ ಪಬ್ಲಿಕ್ ಐಪಿ ಕೇಳಬೇಕು, ಇಲ್ಲವೇ ಹೊಸ ಬಗೆಯ ವಿಳಾಸವಾದ ಐಪಿವಿ6 ಬಳಸಬೇಕು.

ನಿಮ್ಮ ರೌಟರ್ ಹಳೇದು ಅಂದಿರಲ್ಲ, ಅದರ ಪೋರ್ಟ್ ಗಿಗಾಬಿಟ್ ಹೌದಾ ನೋಡಿ. 100 ಎಂಬಿಪಿಎಸ್ ಪೋರ್ಟ್ ಆಗಿದ್ದರೆ ನಿಮ್ಮ ಪ್ಲಾನ್ 300 ಇದ್ದರೂ ಸ್ಪೀಡ್ ಟೆಸ್ಟ್ 94ರ ಹತ್ತಿರ ನಿಂತುಬಿಡುತ್ತದೆ. ನನಗೂ 94 ಬರುತ್ತಿತ್ತು, ರೌಟರೇ ಕೆಟ್ಟಿದೆ ಅಂದುಕೊಂಡಿದ್ದೆ. ತಪ್ಪು ಇದ್ದದ್ದು ಕೇಬಲ್‌ನಲ್ಲಿ. ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಒಂದು ತಂತಿ ಒಳಗೇ ತುಂಡಾಗಿತ್ತು. ಕೇಬಲ್ ಬದಲಿಸಿದ ಕೂಡಲೇ ಪೂರ್ತಿ ಸ್ಪೀಡ್ ಬಂತು.

ಇನ್ನೊಂದು, ಬಾಕ್ಸಿನಿಂದ ಹಸಿರು ಅಥವಾ ನೀಲಿ ತುದಿಯ ಫೈಬರನ್ನು ಬಿಚ್ಚಬೇಡಿ, ಅದಕ್ಕೆ ಕಾರಣವೂ ಇಲ್ಲ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ, ತುದಿಯನ್ನು ನೇರವಾಗಿ ನೋಡುವುದು ಒಳ್ಳೆಯದಲ್ಲ. ತುದಿಗೆ ಸ್ವಲ್ಪ ಧೂಳು ಕೂತರೂ ಲೈನ್ ಕೆಡುತ್ತದೆ.

ಬಾಕ್ಸಿನ ಮಾಡೆಲ್, ವ್ಯಾನ್ ಪುಟದಲ್ಲಿ ಪಿಪಿಪಿಒಇ ಅಂತ ಇದೆಯಾ ಡಿಎಚ್‌ಸಿಪಿ ಅಂತ ಇದೆಯಾ, ರೌಟರ್ ಯಾವುದು, ಇಷ್ಟು ಬರೆದರೆ ಯಾವ ಪುಟದಲ್ಲಿ ಏನು ಬದಲಿಸಬೇಕು ಅಂತ ಹೇಳುತ್ತೇನೆ. ಯೂಸರ್‌ನೇಮ್, ಪಾಸ್‌ವರ್ಡ್, ಸೀರಿಯಲ್ ನಂಬರ್ ಮಾತ್ರ ಇಲ್ಲಿ ಹಾಕಬೇಡಿ.