ಓಟು ಊರಿನಲ್ಲೋ, ಗೋರೆಗಾಂವಿನಲ್ಲೋ?

ಪ್ರಶ್ನೆ: ಟೀಚರ್, ನನಗೆ ಮೊನ್ನೆಯಷ್ಟೇ 18 ತುಂಬಿತು. ಹುಟ್ಟಿ ಬೆಳೆದದ್ದೆಲ್ಲ ಮುಂಬೈಯ ಗೋರೆಗಾಂವಿನಲ್ಲಿ. ಅಪ್ಪ ಹೋಟೆಲಿನಲ್ಲಿ ಮ್ಯಾನೇಜರ್. ಅವರ ಹೆಸರು ಇನ್ನೂ ಕಾರ್ಕಳದ ಮತದಾರರ ಪಟ್ಟಿಯಲ್ಲೇ ಇದೆ, ಓಟಿಗೆಂದು ಊರಿಗೆ ಹೋದದ್ದು ಮಾತ್ರ ಅಪರೂಪ. "ನಿನ್ನ ಹೆಸರೂ ಅಲ್ಲೇ ಸೇರಿಸೋಣ, ಇಲ್ಲಿ ಹಾಕಿ ಏನಾಗಬೇಕು?" ಅನ್ನುತ್ತಾರೆ. ಗೆಳೆಯರಿಗಂತೂ ಓಟಿನ ದಿನ ಅಂದರೆ ಲೋಣಾವಳಾ ಗಿರಿಧಾಮಕ್ಕೆ ಟ್ರಿಪ್. ಏನು ಮಾಡಲಿ?
– ಕಾಲೇಜು ವಿದ್ಯಾರ್ಥಿ, ಗೋರೆಗಾಂವ್ ಪೂರ್ವ

ಉತ್ತರ: ಗೋರೆಗಾಂವಿನಲ್ಲೇ ಸೇರಿಸು ಮಾರಾಯ. ಇದು ಅಪ್ಪನ ಇಷ್ಟ, ನಿನ್ನ ಇಷ್ಟ ಅನ್ನುವ ವಿಷಯವೇ ಅಲ್ಲ. ಯಾರು ಎಲ್ಲಿ ವಾಸವಾಗಿದ್ದಾರೋ ಅಲ್ಲೇ ಅವರ ಹೆಸರು ಇರಬೇಕು ಎಂದು 1950ರ ಜನಪ್ರತಿನಿಧಿ ಕಾಯ್ದೆ ಹೇಳುತ್ತದೆ. ಊರಲ್ಲಿ ಮನೆ ಇದೆ ಅಂದರೆ ಸಾಲದು. ಎರಡೂ ಕಡೆ ಹೆಸರು ಇಟ್ಟುಕೊಳ್ಳುವಂತೆಯೂ ಇಲ್ಲ.

ಇನ್ನು "ಏನಾಗಬೇಕು" ಅನ್ನುವ ಮಾತು. ನಿಮ್ಮ ಗೋರೆಗಾಂವ್ ಇರುವುದು ಮುಂಬೈ ವಾಯವ್ಯ ಲೋಕಸಭಾ ಕ್ಷೇತ್ರದಲ್ಲಿ. 2024ರಲ್ಲಿ ಅಲ್ಲಿ ರವೀಂದ್ರ ವಾಯ್ಕರ್ ಅವರು ಅಮೋಲ್ ಕೀರ್ತಿಕರ್ ಅವರನ್ನು ಸೋಲಿಸಿದ್ದು ಬರೀ 48 ಓಟುಗಳಿಂದ. ಲಕ್ಷಗಟ್ಟಲೆ ಓಟು ಬಿದ್ದ ಕಡೆ 48! ನಿಮ್ಮ ಒಂದು ಬಿಲ್ಡಿಂಗಿನಲ್ಲೇ ಅದಕ್ಕಿಂತ ಜಾಸ್ತಿ ಜನ ಇರಬಹುದು. ಪಾಲಿಕೆ ಚುನಾವಣೆಯಲ್ಲಿ ಇನ್ನೂ ವಿಚಿತ್ರ. 2017ರಲ್ಲಿ 220ನೇ ವಾರ್ಡಿನಲ್ಲಿ ಇಬ್ಬರಿಗೆ ಸರಿಸಮ ಓಟು ಬಿದ್ದು, ಕೊನೆಗೆ ಚೀಟಿ ಎತ್ತಿ ನಗರಸೇವಕ (ಕಾರ್ಪೊರೇಟರ್) ಯಾರೆಂದು ತೀರ್ಮಾನಿಸಿದರು. ಆ ವಾರ್ಡಿನಲ್ಲಿ ಅವತ್ತು ಮನೆಯಲ್ಲೇ ಮಲಗಿದ್ದವರು ಏನಂದುಕೊಂಡರೋ!

ನಾನು ಪಾಲಿಕೆಯ ಕನ್ನಡ ಶಾಲೆಯಲ್ಲಿದ್ದಾಗ ಚುನಾವಣೆ ಡ್ಯೂಟಿ ತಪ್ಪಿದ್ದಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ನಿಲ್ಲುತ್ತಿದ್ದವರು ಚಾಳಿನ (ಸಾಲು ಕೋಣೆಗಳ ವಠಾರದ) ಅಜ್ಜಿಯರು, ಮನೆಕೆಲಸಕ್ಕೆ ಹೋಗುವ ಹೆಂಗಸರು. ಬಹುಮಹಡಿ ಟವರಿನವರು ಮಧ್ಯಾಹ್ನ ಕಳೆದು, ಕಾರು ನಿಲ್ಲಿಸಲು ಜಾಗ ಎಲ್ಲಿ ಎಂದು ಕೇಳುತ್ತಾ ಬರುತ್ತಿದ್ದರು. ಬಂದರೆ! ಟವರಿನಲ್ಲಿ ನೀರು ಬಾರದಿದ್ದರೆ ಟ್ಯಾಂಕರ್ ತರಿಸುತ್ತಾರೆ. ಚಾಳಿನಲ್ಲಿ ಬಾರದಿದ್ದರೆ ನಗರಸೇವಕನ ಆಫೀಸಿಗೇ ಹೋಗಬೇಕು. ಅಲ್ಲಿ ಹೋಗಿ ಗಟ್ಟಿಯಾಗಿ ಕೇಳುತ್ತಿದ್ದವರೂ ಇದೇ ಅಜ್ಜಿಯರು.

ಅಪ್ಪನ ಮೇಲೆ ಮಾತ್ರ ಸಿಟ್ಟು ಮಾಡಬೇಡ. ಅವರದು ಉದಾಸೀನ ಅಂತ ನನಗೆ ಅನಿಸುವುದಿಲ್ಲ. ಓಟಿನ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನಿದೆ, ಸರಿ. ಆದರೆ ಒಂದು ದಿನದ ರಜೆಯಲ್ಲಿ ಕಾರ್ಕಳಕ್ಕೆ ಹೋಗಿ ಬರಲು ಆಗುತ್ತದಾ? ಮೇ ತಿಂಗಳಾದರೆ ರೈಲಿನ ಟಿಕೆಟ್ಟೂ ಸಿಗಬೇಕಲ್ವಾ. ನಮ್ಮವರು ಎಷ್ಟೋ ಮಂದಿ ಹೀಗೇ ಇದ್ದಾರೆ. ಹೆಸರು ಊರಲ್ಲಿ, ಬದುಕು ಇಲ್ಲಿ, ಓಟು ಎಲ್ಲಿಯೂ ಇಲ್ಲ. ಇಲ್ಲಿ ಯಾರು ಗೆದ್ದರೂ ನಮಗೇನು ಅನ್ನುವುದು ಆಮೇಲೆ ತಾನಾಗಿಯೇ ಬರುತ್ತದೆ.

ನಿನ್ನದು ಹೊಸ ಹೆಸರು, ಹಾಗಾಗಿ ಫಾರ್ಮ್ 6. ಫೋಟೋ, ವಯಸ್ಸಿನ ದಾಖಲೆ, ಗೋರೆಗಾಂವಿನ ವಿಳಾಸದ ದಾಖಲೆ ಬೇಕು. ಆನ್‌ಲೈನಿನಲ್ಲೂ ತುಂಬಬಹುದು. ಪಾಲಿಕೆ ಚುನಾವಣೆಗೂ ಇದೇ ಪಟ್ಟಿಯಿಂದ ಹೆಸರು ತೆಗೆದುಕೊಳ್ಳುತ್ತಾರೆ. ಕಾರ್ಡು ಬಂತೆಂದು ಸುಮ್ನೆ ಕೂರಬೇಡ. ಪ್ರತಿ ಚುನಾವಣೆಗೂ ಮೊದಲು ಪಟ್ಟಿಯಲ್ಲಿ ಹೆಸರಿದೆಯಾ ನೋಡಿಕೋ. ಕಾರ್ಡು ಹಿಡಿದು ಬಂದು, ಪಟ್ಟಿಯಲ್ಲಿ ಹೆಸರಿಲ್ಲದೆ ನನ್ನ ಮೇಲೆ ರೇಗಿದವರು ಬೇಕಾದಷ್ಟು ಮಂದಿ. ಜೊತೆಗೆ ಅಪ್ಪನಿಗೆ ಫಾರ್ಮ್ 8 ತುಂಬಿಕೊಡು, ವಿಳಾಸ ಬದಲಾದವರಿಗೆ ಅದು. ಸಹಿ ಹಾಕಲು ಗೊಣಗಿದರೆ ಆ 48ರ ಲೆಕ್ಕ ಹೇಳು. ಹೋಟೆಲಿನವರಿಗೆ ಲೆಕ್ಕ ಬೇಗ ತಲೆಗೆ ಹೋಗುತ್ತದೆ.